ಗಂಗಾವತ್ಯಾಗ ಸಮುದ್ರ 35.25 ಡಿಗ್ರಿ! ಮೈಕ್ರೋವೇವ್ ಎಸ್‌ಎಸ್‌ಟಿ ಡೇಟಾ ತಪ್ಪು ತೋರಿಸಿದ್ರ ಎಲ್ಲಿಂದ ಹುಡುಕಬೇಕು

ನಮ್ಮಕ್ಕನ ಮಗ ಬಳ್ಳಾರ್ಯಾಗ ಎಂಎಸ್ಸಿ ಮಾಡಾಕತ್ತಾನ. ಪ್ರಾಜೆಕ್ಟು ಅರಬ್ಬೀ ಸಮುದ್ರದ ಮೇಲ್ಮೈ ಉಷ್ಣತೆ (ಇಂಗ್ಲಿಷ್‌ನ್ಯಾಗ ಸೀ ಸರ್ಫೇಸ್ ಟೆಂಪರೇಚರ್, ಎಸ್‌ಎಸ್‌ಟಿ), 2021ರ ಏಪ್ರಿಲ್‌ನಿಂದ ಜೂನ್ ತನಕ, ಸ್ಯಾಟಲೈಟ್ ಮೈಕ್ರೋವೇವ್ ಡೇಟಾ ಇಟ್ಕೊಂಡು. ಸಮುದ್ರದ ಗಾಳಿನೂ ಬೀಸದ ಊರಾಗ ಕುಂತು ಇದ್ಯಾಕಪಾ ಅಂದ್ರ "ಮಾಮಾ, ಡ್ಯಾಮಿಗೆ ನೀರು ಎಲ್ಲಿಂದ ಬರತೈತಿ ಹೇಳು ನೋಡೂಣು" ಅಂದ. ಅದೂ ಖರೇನ ಐತಿ. ಜೂನ್ ಬಂತಂದ್ರ ಗಂಗಾವತ್ಯಾಗ ಭತ್ತ ಹಚ್ಚೋರೆಲ್ಲಾ ಮುಂಜಾನೆ ಎದ್ದು ತುಂಗಭದ್ರಾ ಡ್ಯಾಮ್ ಎಷ್ಟು ಅಡಿ ಆತು, ತುಂಬೋ ಮಟ್ಟ 1633 ಯಾವಾಗ ಮುಟ್ಟತೈತಿ ಅಂತ ಮೊಬೈಲ್ ನೋಡೋದ ಕೆಲಸ, ಆ ನೀರಿನ ಜಾಡು ಹಿಡಕೊಂಡು ಹೋದ್ರ ಮಲೆನಾಡು ದಾಟಿ ಅರಬ್ಬೀ ಸಮುದ್ರಕ್ಕ ಹೋಗಿ ನಿಂದ್ರತೈತಿ. ಒಂದಿನ ರಾತ್ರಿ ವಾಟ್ಸಾಪ್‌ನ್ಯಾಗ ಒಂದು ಮ್ಯಾಪ್ ಕಳಿಸಿದ, ಕೆಳಗ "ಮಾಮಾ ಸ್ಯಾಟಲೈಟ್ ಕೆಟ್ಟೈತಿ ಅನಸ್ತೈತಿ" ಅಂತ ಬರದಿದ್ದ. ಇಡೀ ಇಂಡಿಯಾ ಕೆಂಪಗ, ಗಂಗಾವತಿ 35.25 ಡಿಗ್ರಿ, ಬಳ್ಳಾರಿ 35.25, ಹಿಮಾಲಯನೂ 35.25. ಬ್ಯಾಸಿಗ್ಯಾಗ ಬಳ್ಳಾರಿ 35 ಅಂದ್ರ ಪುಣ್ಯಾ ಬಂತು ಅಂತ ಸುಮ್ನಾಗಬಹುದಿತ್ತು, ಆದ್ರ ಹಿಮಾಲಯ?

ಸ್ಯಾಟಲೈಟ್ ಕೆಟ್ಟಿರಲಿಲ್ಲ. ಮುಂದ ಎರಡು ತಿಂಗಳದಾಗ ಅವ "ಕೆಟ್ಟೈತಿ" ಅಂತ ಫೋನ್ ಮಾಡಿದ್ದು ಹತ್ತು ಸಲ ಆಗಿರಬೇಕು, ಬಹಳಷ್ಟು ಸಲ ತಪ್ಪು ಇದ್ದದ್ದು ಅವನ ಲ್ಯಾಪ್‌ಟಾಪ್‌ನ್ಯಾಗ, ಒಂದೆರಡು ಸಲ ಆಂಟೆನಾದ ಹುಟ್ಟುಗುಣ. ಹುಡುಕಿದ ಹಾದಿನ ಇಲ್ಲಿ ಬರದೀನಿ. ನಾ ಸಮುದ್ರ ವಿಜ್ಞಾನಿ ಅಲ್ಲ, ಇಪ್ಪತ್ತು ವರ್ಷ ಕೇಬಲ್‌ನವರ ಜೊತಿ ಡಿಶ್ ಕೂಡಸ್ಕೋತ ತಿರುಗಿದವ, ಆದ್ರ ಈ ಸ್ಯಾಟಲೈಟ್‌ನ್ಯಾಗ ಇರೋದೂ ಒಂದು ಡಿಶ್ಶ ನೋಡ್ರಿ, ಅದಕ್ಕ ನನಗ ಅದರ ಮಾತು ತಿಳೀತು.

ಮೊದಲು ಫೈಲು, ಆಮ್ಯಾಲ ಆಕಾಶ

ಡಿಶ್ ಕೆಲಸದಾಗ ಪಿಕ್ಚರ್ ಬರಲಿಲ್ಲ ಅಂದ್ರ ಯಾರೂ ಮೊದಲ ಛಾವಣಿ ಹತ್ತೂದಿಲ್ಲ, ಟಿವಿ ಹಿಂದಿನ ವೈರ್ ಅಲ್ಲಾಡಿಸಿ ನೋಡ್ತಾರ. ಇಲ್ಲೂ ಹಂಗ.

ಅಳಿಯಾ ಇಳಿಸಿಕೊಂಡಿದ್ದು ಜಪಾನಿನ ಜಿಕಾಮ್-ಡಬ್ಲ್ಯು1 ಸ್ಯಾಟಲೈಟ್ ಮ್ಯಾಲಿನ ಎಎಂಎಸ್‌ಆರ್2 ಸೆನ್ಸರ್‌ದು, ಕ್ಯಾಲಿಫೋರ್ನಿಯಾದ ರಿಮೋಟ್ ಸೆನ್ಸಿಂಗ್ ಸಿಸ್ಟಮ್ಸ್‌ನವರು ಮಾಡಿ ಇಟ್ಟಿದ್ದ ಡೈಲಿ ಬೈನರಿ ಫೈಲು, ಅಂದ್ರ ಬರೀ ನಂಬರ್ ತುಂಬಿದ ಫೈಲು. ಇಡೀ ಭೂಮಿನ ಕಾಲು ಡಿಗ್ರಿ ಚೌಕ ಮಾಡಿ 1440 ಅಡ್ಡ, 720 ಉದ್ದ ಕೂಡಿಸಿರ್ತಾರ, ಒಂದು ಚೌಕಕ್ಕ ಒಂದು ಬೈಟು. ಬೈಟ್ ಅಂದ್ರ 0 ಇಂದ 255. ಅದರಾಗ 0 ಇಂದ 250 ತನಕ ಮಾತ್ರ ಖರೇ ಡೇಟಾ, 0.15 ಇಂದ ಗುಣಿಸಿ 3 ಕಳದ್ರ ಡಿಗ್ರಿ ಸೆಲ್ಸಿಯಸ್. 251 ಇಂದ ಮ್ಯಾಲಿಂದು ಉಷ್ಣತಿ ಅಲ್ಲ, ಸುಳಿವು: 252 ಅಂದ್ರ ಸಮುದ್ರದ ಮ್ಯಾಲಿನ ಮಂಜುಗಡ್ಡಿ, 253 ಅಂದ್ರ ನೋಡಿದ್ವಿ ಆದ್ರ ಡೇಟಾ ಕೆಟ್ಟದ್ದು, 254 ಅಂದ್ರ ನೋಡೇ ಇಲ್ಲ, 255 ಅಂದ್ರ ನೆಲ. ಈಗ ಲೆಕ್ಕ ಹಾಕ್ರಿ, 255 ಗುಣಿಸು 0.15, ಕಳಿ 3, ಬಂತು ನೋಡ್ರಿ 35.25. ಗಂಗಾವತಿ ಬಿಸಿ ಇತ್ತು ಅಂತಲ್ಲ, ಗಂಗಾವತಿ ನೆಲ ಅಂತ ಹೇಳಾಕತ್ತಿತ್ತು ಪಾಪ. ಹಂಗಾಗಿ ಮ್ಯಾಪಿನ ತುಂಬಾ 35.25, 35.1, 34.95 ಇವು ಮೂರು ನಂಬರ್ ಕಂಡ್ರ ಹೆಚ್ಚು ತಲಿ ಕೆಡಸ್ಕೋಬ್ಯಾಡ್ರಿ, ಗುಣಿಸೋಕ್ಕಿಂತ ಮೊದಲ 250ಕ್ಕಿಂತ ಮ್ಯಾಲಿನವನ್ನ ತಗದು ಹಾಕ್ರಿ ಮುಗೀತು.

ಮ್ಯಾಪ್‌ನ್ಯಾಗ ಕಂಡ್ರ ಪರವಾಗಿಲ್ಲ, ಕಣ್ಣಿಗೆ ಹೊಡೀತೈತಿ. ಸರಾಸರಿ ಒಳಗ ಸೇರಿಕೊಂಡ್ರ ಮಾತ್ರ ಕಾಣೂದಿಲ್ಲ ನೋಡ್ರಿ, ಅದು ಕೆಟ್ಟದ್ದು. ಎಎಂಎಸ್‌ಆರ್2 ಒಂದು ಸಲಕ್ಕ 1450 ಕಿಲೋಮೀಟರ್ ಅಗಲದ ಪಟ್ಟಿ ನೋಡತೈತಿ, ಭೂಮಧ್ಯ ರೇಖೆ ಕಡೆ ಆ ಪಟ್ಟಿಗೂ ಈ ಪಟ್ಟಿಗೂ ನಡುವ ಶಂಕರಪೋಳಿ ಆಕಾರದ ಖಾಲಿ ಜಾಗ ಉಳೀತಾವ, ಅಲ್ಲೆಲ್ಲಾ 254. ಅರಬ್ಬೀ ಸಮುದ್ರದ ಬಾಕ್ಸ್‌ನ್ಯಾಗ ನೂರಕ್ಕ 60 ಚೌಕ 29 ಡಿಗ್ರಿ, ಉಳಿದ 40 ಚೌಕ 254 ಇದ್ರ ಸರಾಸರಿ 31.4 ಬರತೈತಿ. ಮೇ ತಿಂಗಳದಾಗ 31.4 ಅಂದ್ರ ಯಾರಿಗೂ ಅನುಮಾನ ಬರೂದಿಲ್ಲ, ಯಾಕಂದ್ರ ಮುಂಗಾರಿಗೆ ಮೊದಲ ಕೇರಳ-ಲಕ್ಷದ್ವೀಪದ ಕಡೆ ನೀರು 30 ದಾಟೋದು ವಾಡಿಕಿನ ಐತಿ. ಗ್ರಾಫ್ ಮಾತ್ರ ಗರಗಸದ ಹಲ್ಲಿನಂಗ ಒಂದಿನ ಮ್ಯಾಲ ಒಂದಿನ ಕೆಳಗ ಕುಣೀತಿರತೈತಿ. ಸಮುದ್ರ ಅಂದ್ರ ಅಷ್ಟು ಚಂಚಲ ಅಲ್ಲ, ಸಾವಿರಾರು ಕಿಲೋಮೀಟರ್ ನೀರು ರಾತ್ರೋರಾತ್ರಿ ಎರಡು ಡಿಗ್ರಿ ಏರಿ ಮರುದಿನ ಇಳಿಯೂದಿಲ್ಲ. ಹಂಗ ಕುಣಿದ್ರ ಆ ದಿನದ ಖಾಲಿ ಚೌಕ ಎಣಿಸಿ ಅದನ್ನೂ ಪಕ್ಕದಾಗ ಗ್ರಾಫ್ ಹಾಕ್ರಿ, ಎರಡೂ ಜೊತಿಜೊತಿಗೆ ಕುಣಿದ್ರ ಕಳ್ಳ ಸಿಕ್ಕಂಗ.

ಇನ್ನೊಂದು ಸಲ ಅರಬ್ಬೀ ಸಮುದ್ರ ಮೈನಸ್ 9.45 ಡಿಗ್ರಿ ಬಂತು. ಇದು ಬೈಟನ್ನ ಸೈನ್ಡ್, ಅಂದ್ರ ಪ್ಲಸ್ಸೂ ಮೈನಸ್ಸೂ ಇರೋ ನಂಬರ್, ಅಂತ ಓದಿದ್ದರ ಪ್ರಸಾದ. 29 ಡಿಗ್ರಿ ಹತ್ರಾ ಹತ್ರ ಬೈಟ್‌ನ್ಯಾಗ 213 ಅಂತ ಇರತೈತಿ, ಸೈನ್ಡ್ ಅಂತ ಓದಿದ್ರ 127 ದಾಟಿದ್ದೆಲ್ಲಾ ಮೈನಸ್ ಆಗತೈತಿ, 213 ಹೋಗಿ ಮೈನಸ್ 43 ಆಗತೈತಿ, ಅದನ್ನ ಗುಣಿಸಿದ್ರ ಇದು. ಪೈಥಾನ್‌ನ್ಯಾಗ ಓದೋ ಸಾಲಿನ್ಯಾಗ ಅನ್‌ಸೈನ್ಡ್ ಅಂತ ಒಂದು ಯು ಅಕ್ಷರ ಸೇರಿಸಿದ್ರ ಸರಿಹೋತು, ಒಂದಕ್ಷರಕ್ಕ ಒಂದು ರಾತ್ರಿ ನಿದ್ದಿ ಹೋಗಿತ್ತು. ಆಮ್ಯಾಲ ನೆಟ್‌ಸಿಡಿಎಫ್ ಅನ್ನೋ ಇನ್ನೊಂದು ನಮೂನಿ ಫೈಲಿಗೆ ಬದಲಾಯಿಸಿದ, ಅವಾಗ ಸಮುದ್ರ 1.35 ಡಿಗ್ರಿ. ನೆಟ್‌ಸಿಡಿಎಫ್ ಓದೋ ಲೈಬ್ರರಿ ಆ 0.15ರ ಲೆಕ್ಕ (ಸ್ಕೇಲ್ ಫ್ಯಾಕ್ಟರ್) ತಾನ ಮಾಡಿ ಕೊಡತೈತಿ, ಇವ ಹಳೆ ಕೋಡ್ ಅಭ್ಯಾಸದ ಮ್ಯಾಲ 29ನ್ನ ಮತ್ತ 0.15 ಇಂದ ಗುಣಿಸಿ 3 ಕಳದಿದ್ದ. 302 ಬಂದ್ರ ಗಾಬರಿ ಬ್ಯಾಡ, ಅದು ಕೆಲ್ವಿನ್, 273.15 ಕಳೀರಿ. ಜಿಎಚ್‌ಆರ್‌ಎಸ್‌ಎಸ್‌ಟಿ ಅಂತ, ಬ್ಯಾರೆ ಬ್ಯಾರೆ ದೇಶದವರು ಕೂಡಿ ಒಪ್ಪಿಕೊಂಡ ನಮೂನಿಯೊಳಗ ಬರೋ ಎಸ್‌ಎಸ್‌ಟಿ ಫೈಲೆಲ್ಲಾ ಕೆಲ್ವಿನ್ನ, ಅದರಾಗ ಕ್ವಾಲಿಟಿ ಲೆವೆಲ್ ಅಂತ 0 ಇಂದ 5 ತನಕ ಇನ್ನೊಂದು ಕಾಲಮ್ ಇರತೈತಿ, 5 ಎಲ್ಲಕ್ಕಿಂತ ಚಲೋ, ಅದನ್ನ ನೋಡದ ಎಲ್ಲಾ ಹಾಕ್ಕೊಂಡ್ರ ಕಸಾನೂ ಬಂತು.

ಗಂಗಾವತಿ ಪರೀಕ್ಷಾ

ಇದು ನಮ್ಮದ ಕಂಡುಹಿಡಿತ, ಹೆಸರೂ ನಾವ ಇಟ್ಟಿದ್ದು. ಮ್ಯಾಪ್ ಸರಿ ಕುಂತೈತೋ ಇಲ್ಲೋ ಅಂತ ನೋಡಾಕ ನಿಮ್ಮೂರಿನ ಚೌಕ ಕೇಳ್ರಿ. ಗಂಗಾವತಿ 15.43 ಉತ್ತರ, 76.53 ಪೂರ್ವ. ಆ ಬೈನರಿ ಫೈಲಿನ ಮೊದಲ ಸಾಲು ದಕ್ಷಿಣ ಧ್ರುವದ್ದು, ಅಲ್ಲಿಂದ ಮ್ಯಾಲ ಬರಬೇಕು, ಸೊನ್ನಿಯಿಂದ ಎಣಿಸಿದ್ರ ಗಂಗಾವತಿ 421ನೇ ಸಾಲು, 306ನೇ ಕಾಲಮ್. ಅಲ್ಲಿ 255 ಬರಬೇಕು. ಅಳಿಯಂದು ಅಲ್ಲಿ 27 ಡಿಗ್ರಿ ನೀರು ಬಂತು! ಅವ ಮೊದಲ ಸಾಲು ಉತ್ತರ ಧ್ರುವ ಅಂದ್ಕೊಂಡು ಎಣಿಸಿದ್ದ, ಹಂಗಾಗಿ 15 ಉತ್ತರದ ಬದಲಿ 15 ದಕ್ಷಿಣಕ್ಕ ಹೋಗಿ ಹಿಂದೂ ಮಹಾಸಾಗರದ ನಡುವ ಬಿದ್ದಿದ್ದ, ಅಲ್ಲಿ ನಮ್ಮ ಗಂಗಾವತಿನೂ ಇಲ್ಲ ರೈಸ್ ಮಿಲ್ಲೂ ಇಲ್ಲ, ಬರೀ ನೀರು. ಇದು ಮೋಸದ ತಪ್ಪು, ಯಾಕಂದ್ರ ಬಂದ ನಂಬರ್ ಎಲ್ಲಾ 26, 27, 28, ನೋಡಾಕ ಸಾಚಾ ಇದ್ದಂಗ. ಹಿಂಗ ಹದಿನೈದು ದಿನ ತಪ್ಪು ಸಮುದ್ರದ ಮ್ಯಾಲ ರಿಪೋರ್ಟ್ ಬರದಿದ್ದ. ಅನುಮಾನ ಬಂದದ್ದು ಏನರ ಮ್ಯಾಲ ಅಂದ್ರ, ಅರಬ್ಬೀ ಸಮುದ್ರ ಮೇ ತಿಂಗಳದಾಗ ಅಗದೀ ಬಿಸಿ ಆಗಿ ಮುಂಗಾರು ಗಾಳಿ ಎದ್ದ ಮ್ಯಾಲ ತಂಪಾಗಬೇಕು, ಇವನ ಗ್ರಾಫು ಏಪ್ರಿಲ್‌ನಿಂದಾನ ಜಾರುಬಂಡಿ ಹಂಗ ಇಳಕೋತ ಹೊಂಟಿತ್ತು. ದಕ್ಷಿಣದಾಗ ಅದು ಚಳಿಗಾಲದ ಕಡೆ ಹೊಂಟ ಹೊತ್ತು.

ರೇಖಾಂಶದ್ದೂ ಒಂದು ತಂಟೆ ಐತಿ, ಈ ಫೈಲ್‌ನ್ಯಾಗ 0 ಇಂದ 360, ಮೈನಸ್ ಇಲ್ಲ. ಅರಬ್ಬೀ ಸಮುದ್ರಕ್ಕ ಅಡ್ಡಿ ಇಲ್ಲ, ಆದ್ರ ಎಲ್ ನಿನೊ ನೋಡ್ತೀನಿ ಅಂತ 170 ಪಶ್ಚಿಮದಿಂದ 120 ಪಶ್ಚಿಮ ತಗೊಂಡ್ರ ಮೈನಸ್ ಹಾಕಬ್ಯಾಡ್ರಿ, 190 ಇಂದ 240 ಹಾಕ್ರಿ, ಇಲ್ಲಂದ್ರ ಖಾಲಿ ಡಬ್ಬಿ ಸಿಗತೈತಿ.

ಡಿಶ್ ಏನ್ ನೋಡತೈತಿ ಅನ್ನೋದು

ಫೈಲ್ ಸರಿ ಐತಿ, ಮ್ಯಾಪ್ ಸರಿ ಐತಿ, ಆದ್ರೂ ನಂಬರ್ ತಪ್ಪು ಅಂದ್ರ ಇನ್ನ ಛಾವಣಿ ಹತ್ತಬೇಕು.

ಕೇಬಲ್‌ನವರ ದೊಡ್ಡ ಜಾಳಿಗಿ ಡಿಶ್ ನೆನಪೈತಲ್ಲ, ಅದರ ಮುಂದ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಡಬ್ಬಿ ಮ್ಯಾಲ 17ಕೆ ಅಂತ ಬರದಿರ್ತಿತ್ತು. ಬಹಳ ವರ್ಷ ನಾ ಅದು ಮಾಡೆಲ್ ನಂಬರ್ ಅಂದ್ಕೊಂಡಿದ್ದೆ. ಅದು 17 ಕೆಲ್ವಿನ್, ಆ ಡಬ್ಬಿ ತಾನ ಎಷ್ಟು ಗದ್ದಲ ಮಾಡತೈತಿ ಅನ್ನೋದನ್ನ ಉಷ್ಣತಿ ಲೆಕ್ಕದಾಗ ಹೇಳೋದು. ಬಿಸಿ ಇರೋ ಎಲ್ಲಾ ವಸ್ತುನೂ ರೇಡಿಯೋ ಗದ್ದಲ ಮಾಡತೈತಿ. ಸ್ಯಾಟಲೈಟ್ ಇಲ್ಲದ ಖಾಲಿ ಆಕಾಶಕ್ಕ ಡಿಶ್ ತಿರುವಿ ಆಮ್ಯಾಲ ಗ್ವಾಡಿ ಕಡೆ ತಿರುವಿದ್ರ ಸಿಗ್ನಲ್ ಅಳಿಯೋ ಫೈಂಡರಿನ ಮುಳ್ಳು ಏರತೈತಿ, ಗ್ವಾಡಿ ಬಿಸಿ, ಆಕಾಶ ತಂಪು, ಅಷ್ಟ. ಎಎಂಎಸ್‌ಆರ್2 ಮಾಡೋದೂ ಅದ. 2 ಮೀಟರ್ ಡಿಶ್, ನಿಮಿಷಕ್ಕ 40 ಸುತ್ತು ತಿರಕ್ಕೋತ, ಸಮುದ್ರಕ್ಕ 55 ಡಿಗ್ರಿ ಓರೆಯಿಂದ ನೋಡ್ಕೋತ ಹೋಗತೈತಿ, ಪ್ರತಿ ಸುತ್ತಿನ್ಯಾಗ ಒಮ್ಮೆ ತನ್ನೊಳಗಿನ ಬಿಸಿ ಡಬ್ಬಿ ನೋಡತೈತಿ, ಒಮ್ಮೆ ಕನ್ನಡಿ ಮೂಲಕ ತಂಪು ಆಕಾಶ ನೋಡತೈತಿ, ಆ ಎರಡರ ನಡುವ ಸಮುದ್ರ ಎಲ್ಲಿ ಬರತೈತಿ ಅಂತ ತಕ್ಕಡಿ ತೂಗತೈತಿ.

ತ್ರಾಸು ಎಲ್ಲಿ ಐತಿ ಅಂದ್ರ ಸಮುದ್ರ ಅಂದ್ರ ಒಳ್ಳೆ ಕನ್ನಡಿ. 300 ಕೆಲ್ವಿನ್ ಇರೋ ನೀರು, 6.9 ಗಿಗಾಹರ್ಟ್ಸ್‌ನ್ಯಾಗ ವರ್ಟಿಕಲ್ (ನಿಂತ ಅಲೆ) ಹಿಡಿದ್ರ 165 ಕೆಲ್ವಿನ್ ಆಸುಪಾಸು ಕಾಣತೈತಿ, ಹಾರಿಜಾಂಟಲ್ (ಅಡ್ಡ ಅಲೆ) ಹಿಡಿದ್ರ 80-90, ಯಾಕಂದ್ರ ಉಳಿದ ಪಾಲು ತಂಪು ಆಕಾಶದ ಪ್ರತಿಬಿಂಬ. ನೀರು ಒಂದು ಡಿಗ್ರಿ ಏರಿದ್ರ ಡಿಶ್‌ಗೆ ಕಾಣೋದು ಸುಮಾರು ಅರ್ಧ ಕೆಲ್ವಿನ್. ಇದನ್ನ ತಲ್ಯಾಗ ಇಟ್ಕೊಳ್ರಿ, ಮುಂದಿನ ಎಲ್ಲಾ ತಪ್ಪಿಗೂ ಇದ ಬೇರು: ಬ್ಯಾರೆ ಯಾವುದರಿಂದಾದ್ರೂ ಅರ್ಧ ಕೆಲ್ವಿನ್ ಗದ್ದಲ ಹೆಚ್ಚಾದ್ರ ಸಮುದ್ರ ಒಂದು ಡಿಗ್ರಿ ಬಿಸಿ ಆಗೈತಿ ಅಂತ ಮೋಸ ಹೋಗ್ತೀವಿ. ಗಾಳಿ ಬೀಸಿ ನೀರು ಒರಟಾಗಿ ನೊರಿ ಬಂದ್ರೂ ಗದ್ದಲ ಹೆಚ್ಚು, ನೀರಾವಿ ಹೆಚ್ಚಾದ್ರೂ ಹೆಚ್ಚು. ಅದಕ್ಕ ಒಂದ ಚಾನೆಲ್ ಸಾಲೂದಿಲ್ಲ, 6.93 ಇಂದ ಹಿಡದು 36.5 ಗಿಗಾಹರ್ಟ್ಸ್ ತನಕ ಹಲವು ಚಾನೆಲ್ ಜೋಡಿಸಿ ಗಾಳಿದು ಇಷ್ಟು, ಆವಿದು ಇಷ್ಟು, ಮೋಡದ್ದು ಇಷ್ಟು ಅಂತ ಕಳಕ್ಕೋತ ಬಂದು ಕಡೀಕ ಉಳಿದದ್ದು ನೀರಿನ ಉಷ್ಣತಿ. ಹಂಗಾಗಿ ನಿಮ್ಮ ಬಾಕ್ಸ್‌ನ್ಯಾಗ ಉಷ್ಣತಿ ಏರಿಳಿತ ಗಾಳಿ ಏರಿಳಿತದ ಜೊತಿ ಅಚ್ಚುಕಟ್ಟಾಗಿ ಹೊಂದಿಕೊಂಡ್ರ ಕಳಿಯೋದ್ರಾಗ ಏನೋ ಉಳಕೊಂಡೈತಿ ಅಂತ ಅನುಮಾನ ಪಡ್ರಿ. ಪೂರ್ತಿ ಅಲ್ಲ, ಯಾಕಂದ್ರ ಗಾಳಿ ಖರೇನ ನೀರು ತಂಪು ಮಾಡತೈತಿ, ಆದ್ರ ಗಾಳಿ ಎದ್ದು ನೀರು ತಂಪಾಗಬೇಕಾದಲ್ಲಿ ಬಿಸಿ ಆದ್ರ ಅದು ನೀರಲ್ಲ, ನೊರಿ.

ದಂಡಿ ಹತ್ರ ಬಿಸಿ ಅಂಚು

ಮಂಗಳೂರು-ಕಾರವಾರ ಕರಾವಳಿ ಗುಂಟ ಕೆಂಪು ಅಂಚು ಬಂತು, "ಮಾಮಾ ದಂಡ್ಯಾಗ ನೀರು ಬಿಸಿ ಇರತೈತಲ್ಲ" ಅಂದ. ಇರಬಹುದು, ಆದ್ರ ಮೊದಲ ಡಿಶ್ಶಿನ ಕಣ್ಣು ಎಷ್ಟು ದೊಡ್ಡದು ನೋಡು ಅಂದೆ. 6.9ರಾಗ ಅದರ ಒಂದು ನೋಟ 35 ಅಡ್ಡ 62 ಕಿಲೋಮೀಟರ್ ಮೊಟ್ಟಿ ಆಕಾರ. ಗಂಗಾವತಿ, ಕೊಪ್ಪಳ, ಹೊಸಪೇಟೆ ಎಲ್ಲಾ ಒಂದ ಕಣ್ಣಾಗ ತುಂಬತಾವ. ಫೈಲ್‌ನ್ಯಾಗ ಕಾಲು ಡಿಗ್ರಿ ಚೌಕ ಅಂತ ಬರದಾರಂದ್ರ ಕಣ್ಣೂ ಅಷ್ಟ ಚೂಪು ಅಂತಲ್ಲ. ನೆಲ ಕನ್ನಡಿ ಅಲ್ಲ, 285 ಕೆಲ್ವಿನ್ ಆಸುಪಾಸು ಕಾಣತೈತಿ, ನೀರು 165. ಆ ಮೊಟ್ಟಿಯೊಳಗ ನೂರಕ್ಕ ಒಂದು ಪಾಲು ನೆಲ ಸೇರಿದ್ರ 1.2 ಕೆಲ್ವಿನ್ ಹೆಚ್ಚಾತು, ಅಂದ್ರ ಉಷ್ಣತಿ ಎರಡು ಡಿಗ್ರಿಗಿಂತ ಹೆಚ್ಚು ತಪ್ಪು. ಡಿಶ್ ಕೂಡಸೋರಿಗೆ ಸೈಡ್ ಲೋಬ್ ಗೊತ್ತಿರತೈತಿ, ನೋಡಬಾರದ ಕಡೆನೂ ಡಿಶ್ ಕಳ್ಳಗಣ್ಣಿಲೆ ನೋಡತಿರತೈತಿ, ಹಂಗಾಗಿ ಮೊಟ್ಟಿ ಹೊರಗಿನ ನೆಲಾನೂ ಒಂಚೂರು ಸೇರತೈತಿ. ದಂಡಿಯಿಂದ 75-100 ಕಿಲೋಮೀಟರ್ ಬಿಟ್ಟು ಆಚೆಗಿಂದು ಮಾತ್ರ ನಂಬ್ರಿ. ಲಕ್ಷದ್ವೀಪದ ಒಂದು ದ್ವೀಪ ಐದು ಚದರ ಕಿಲೋಮೀಟರ್ ಒಳಗ, ಆ ಮೊಟ್ಟಿ 1700 ಚದರ ಕಿಲೋಮೀಟರ್, ಲೆಕ್ಕ ಹಾಕಿದ್ರ ಅಷ್ಟು ಸಣ್ಣ ದ್ವೀಪಾನೂ ಅರ್ಧ ಡಿಗ್ರಿ ಅಷ್ಟು ಆಟ ಆಡಸಬಹುದು.

ತಪ್ಪು ನೆಲದ್ದೋ ನೀರಿಂದೋ ಅಂತ ತಿಳಿಯಾಕ ಸುಲಭ ಹಾದಿ: ನೆಲದ ಅಂಚು ವರ್ಷ ಪೂರ್ತಿ ಅಲ್ಲೇ ಇರತೈತಿ, ಜನವರಿಗೂ ಜುಲೈಗೂ. ಖರೇ ನೀರು ಸೀಸನ್ ನೋಡ್ಕೊಂಡು ಬದಲಾಗತೈತಿ, ಮುಂಗಾರಿನ್ಯಾಗ ನಮ್ಮ ಕರಾವಳಿಗುಂಟ ಕೆಳಗಿನ ತಂಪು ನೀರು ಮ್ಯಾಲ ಬರತೈತಿ, ಅವಾಗ ದಂಡಿ ಹತ್ರ ತಂಪಾಗಬೇಕು. ಜುಲೈದಾಗೂ ದಂಡಿ ಕೆಂಪಗಿದ್ರ ಅದು ನೆಲ. ದೋಸ್ತ ಒಬ್ಬ ಕೇಳಿದ, ಹಂಗಾದ್ರ ನಮ್ಮ ತುಂಗಭದ್ರಾ ಡ್ಯಾಮಿನ ನೀರಿನ ಉಷ್ಣತಿ ಇದರಾಗ ಸಿಗತೈತೇನು ಅಂತ. ಡ್ಯಾಮ್ ತುಂಬಿದಾಗ ಹರವು ಸುಮಾರು 378 ಚದರ ಕಿಲೋಮೀಟರ್, ಒಂದು ಮೊಟ್ಟಿಯ ಕಾಲುಭಾಗನೂ ಇಲ್ಲ. ಸಿಗೂದಿಲ್ಲ. ಅಲ್ಲೂ 255.

ಮಳಿ

ಮೈಕ್ರೋವೇವ್ ಮೋಡದಾಚೆ ನೋಡತೈತಿ ಅಂತಾರ, ಅದಕ್ಕ ಮುಂಗಾರಿಗೆ ಇದ ಬೇಕು, ಇನ್ಫ್ರಾರೆಡ್ ಸೆನ್ಸರ್ ಜೂನ್-ಜುಲೈದಾಗ ಕುರುಡು. ಆದ್ರ ಮಳಿಯಾಚೆ ನೋಡೂದಿಲ್ಲ, ಇದನ್ನ ಬಹಳ ಮಂದಿ ಮರೀತಾರ. ಮಳಿ ಜೋರಾದ್ರ ಮನಿ ಡಿಟಿಎಚ್ ಹೋಗತೈತಿ, ಕೇಬಲ್‌ನವರ ದೊಡ್ಡ ಡಿಶ್ ನಡೀತಿರತೈತಿ, ಯಾಕಂದ್ರ ಡಿಟಿಎಚ್ 11-12 ಗಿಗಾಹರ್ಟ್ಸ್, ದೊಡ್ಡ ಡಿಶ್ 4. ಫ್ರೀಕ್ವೆನ್ಸಿ ಏರಿದಂಗ ಮಳಿ ಹೊಡೆತ ಹೆಚ್ಚು. ಎಸ್‌ಎಸ್‌ಟಿ ಡೇಟಾ ಮಾಡೋರು ಮಳಿ ಇದ್ದ ಚೌಕ ಮೊದಲ ತಗದು ಹಾಕಿರ್ತಾರ, ಆದ್ರ ಮಳಿ ಅಂಚಿನ್ಯಾಗ ಅರ್ಧ ತೊಯ್ದ ಚೌಕ ಉಳಕೊಂಡಿರ್ತಾವ, ಅವು ಬಿಸಿನೂ ತೋರಿಸಬಹುದು ತಂಪೂ ತೋರಿಸಬಹುದು. ನಾವು ಮಾಡಿದ್ದು ಇಷ್ಟ, ಕೆಟ್ಟ ಚೌಕದ ಸುತ್ತ ಇನ್ನೊಂದು ಸಾಲು ಚೌಕಾನೂ ತಗದು ಹಾಕೋದು, ಕೊಳೆತ ಬಾಳಿಹಣ್ಣು ಕೊಯ್ಯುವಾಗ ಪಕ್ಕದ್ದೂ ಒಂಚೂರು ಕೊಯ್ತೀವಲ್ಲ ಹಂಗ. ಜೂನ್‌ನ್ಯಾಗ ಇದರಿಂದ ಇನ್ನೊಂದು ಸಮಸ್ಯೆ ಆತು, ಮಳಿ ಬಿದ್ದಲ್ಲೆಲ್ಲಾ ಡೇಟಾ ಇಲ್ಲ, ಮಳಿ ಇಲ್ಲದಲ್ಲಿ ಮಾತ್ರ ಐತಿ, ಸರಾಸರಿ ತಗದ್ರ ಅದು ಮಳಿ ಇಲ್ಲದ ಸಮುದ್ರದ ಸರಾಸರಿ. ಔಷಧ ಇಲ್ಲದ ರೋಗ ಇದು, ಮೂರು ದಿನದ ಕೂಡಿಸಿದ ಫೈಲ್ ತಗೊಂಡು ಎಷ್ಟು ಚೌಕ ಸಿಕ್ಕಾವ ಅಂತ ರಿಪೋರ್ಟಿನ್ಯಾಗ ಬರೀಬೇಕಷ್ಟ.

ಜಿಪಿಎಂ ಸ್ಯಾಟಲೈಟ್ ಮ್ಯಾಲಿನ ಜಿಎಂಐ ಅನ್ನೋ ಇನ್ನೊಂದು ಮೈಕ್ರೋವೇವ್ ಸೆನ್ಸರಿನ ಡೇಟಾ ತಗೊಂಡ್ರ ಒಂದು ಮಾತು, ಅದರಾಗ 6.9 ಚಾನೆಲ್ ಇಲ್ಲ, ಎಲ್ಲಕ್ಕಿಂತ ಕೆಳಗಿಂದು 10.65. ಅದಕ್ಕಿಂತ ಹಳೇ ಸೆನ್ಸರ್ ಟಿಎಂಐದ್ದೂ ಹಂಗ. ನಮ್ಮ ಬಿಸಿ ಸಮುದ್ರಕ್ಕ ನಡೀತೈತಿ, 12-13 ಡಿಗ್ರಿಗಿಂತ ತಂಪು ನೀರಿನ್ಯಾಗ 10.65ಕ್ಕ ಉಷ್ಣತಿ ಬದಲಾದದ್ದು ಸರಿಯಾಗಿ ಗೊತ್ತಾಗೂದಿಲ್ಲ.

ಬ್ಯಾರೆಯವರ ಗದ್ದಲ, ಸೂರ್ಯನ ಗದ್ದಲ

ಯಾರೋ ಟ್ರಾನ್ಸ್‌ಮಿಟರ್ ಹಚ್ಚಿದ್ರ ಅದೂ ಡಿಶ್‌ಗೆ ಬಿಸಿ ಇದ್ದಂಗ ಕಾಣತೈತಿ. ಟಿವಿ ಸ್ಯಾಟಲೈಟ್‌ಗಳು ಮ್ಯಾಲಿಂದ ಕಳಿಸೋ ಸಿಗ್ನಲ್ ಸಮುದ್ರಕ್ಕ ಬಡದು ವಾಪಸ್ ಬಂದು ಇದರ ಕಣ್ಣಿಗೆ ಬೀಳತೈತಿ, ಯುರೋಪಿನ ಸುತ್ತ 10.7ರಾಗ, ಅಮೆರಿಕದ ಸುತ್ತ 18.7ರಾಗ ಇದು ಗೊತ್ತಿದ್ದ ಕಾಟ. ಎಎಂಎಸ್‌ಆರ್2ದಾಗ 7.3 ಚಾನೆಲ್ ಹೊಸದಾಗಿ ಸೇರಿಸಿದ್ದು ಇಂಥಾ ಗದ್ದಲ ಹಿಡಿಯಾಕ, 6.93ರಾಗ ಇದ್ದು 7.3ರಾಗ ಇಲ್ಲಂದ್ರ ಅದು ಮನುಷ್ಯಾರ ಕೆಲಸ. ನಮಗ ಚಾನೆಲ್ ತನಕ ಹೋಗೋದು ಬ್ಯಾಡ ಅಂದ್ರ ಸ್ಯಾಟಲೈಟ್ ದಕ್ಷಿಣದಿಂದ ಉತ್ತರಕ್ಕ ಏರೋ ಪಾಸು, ಉತ್ತರದಿಂದ ದಕ್ಷಿಣಕ್ಕ ಇಳಿಯೋ ಪಾಸು ಬ್ಯಾರೆ ಬ್ಯಾರೆ ಮ್ಯಾಪ್ ಮಾಡ್ರಿ. ಡಿಶ್ ಒಮ್ಮೆ ಉತ್ತರ ಮುಖ ಒಮ್ಮೆ ದಕ್ಷಿಣ ಮುಖ ನೋಡೋದ್ರಿಂದ ಪ್ರತಿಫಲನದ ಗದ್ದಲ ಒಂದು ಪಾಸಿನ್ಯಾಗ ಇರತೈತಿ, ಇನ್ನೊಂದರಾಗ ಮಾಯ. ಸೂರ್ಯಂದೂ ಅದ ಕತಿ, ಮಾರ್ಚ್ ಮತ್ತ ಅಕ್ಟೋಬರ್‌ನ್ಯಾಗ ಮಧ್ಯಾಹ್ನ ಕೇಬಲ್ ಟಿವಿ ಹತ್ತು ನಿಮಿಷ ಹೋಗಿ ಮನಿಮನಿಯಿಂದ ಬೈಸ್ಕೊಂಡೀವಲ್ಲ, ಸನ್ ಔಟೇಜ್, ಡಿಶ್ಶಿನ ಕಣ್ಣಾಗ ಸೂರ್ಯ ಬೀಳೋದು. ಇಲ್ಲಿ ಸೂರ್ಯ ನೀರಾಗ ಮಿಂಚಿ ಬೀಳತಾನ, ಹಗಲ ಪಾಸಿನ್ಯಾಗ ಮಾತ್ರ, ಪಟ್ಟಿಯ ಒಂದ ಬದಿಗೆ.

ಆರ್ಗೋ ಜೊತಿ ತಾಳೆ ಆಗೂದಿಲ್ಲ

ಇದರ ಮ್ಯಾಲ ನಾವು ಹೆಚ್ಚು ಹೊತ್ತು ಕಳದೀವಿ. ಎಲ್ಲಾ ಸರಿ ಮಾಡಿದ ಮ್ಯಾಲ ಸಮುದ್ರದಾಗ ತೇಲೋ ಆರ್ಗೋ ಫ್ಲೋಟಿನ ಉಷ್ಣತಿ ಜೊತಿ ಹೋಲಿಸಿದ. ಏಪ್ರಿಲ್‌ನ್ಯಾಗ ಸ್ಯಾಟಲೈಟ್ ಒಂದೂವರಿ ಡಿಗ್ರಿ ಹೆಚ್ಚು, ಜೂನ್‌ನ್ಯಾಗ ಎರಡೂ ಸಮಾ. ಸೆನ್ಸರ್ ಕೆಟ್ಟಿದ್ರ ಎರಡೂ ತಿಂಗಳು ಕೆಡಬೇಕಲ್ಲ?

ಏಪ್ರಿಲ್‌ನ್ಯಾಗ ಗದ್ದಿಗೆ ನೀರು ಬಿಟ್ಟು ಮಧ್ಯಾಹ್ನ ಕಾಲಿಟ್ಟು ನೋಡ್ರಿ, ಮ್ಯಾಲಿನ ನೀರು ಸುಡತೈತಿ, ಕೆಸರಿಗೆ ಬೆರಳು ಇಳಿದ್ರ ತಂಪು. ಸಮುದ್ರಾನೂ ಗಾಳಿ ಇಲ್ಲದ ದಿನ ಹಂಗ. ಇನ್ಫ್ರಾರೆಡ್ ನೋಡೋದು ನೀರಿನ ಮ್ಯಾಲಿನ ಮಿಲಿಮೀಟರಿನ ನೂರನೇ ಪಾಲು, ಮೈಕ್ರೋವೇವ್ ಸುಮಾರು ಒಂದು ಮಿಲಿಮೀಟರ್, ಸಮುದ್ರದಾಗ ತೇಲಿಬಿಟ್ಟ ಅಳತಿ ಯಂತ್ರ ಬೋಯಾ ಒಂದು ಮೀಟರ್ ಆಸುಪಾಸು, ಆರ್ಗೋದ ಮ್ಯಾಲಿನ ಅಳತಿ ಬಹಳಷ್ಟು ಸಲ ಐದು ಮೀಟರ್ ಹತ್ರ. ಎಎಂಎಸ್‌ಆರ್2 ಒಂದೊಂದು ಜಾಗದ ಮ್ಯಾಲ ಹಾಯೋದು ಅಲ್ಲಿನ ಮಧ್ಯಾಹ್ನ ಒಂದೂವರಿಗೆ, ರಾತ್ರಿ ಒಂದೂವರಿಗೆ. ಮುಂಗಾರಿಗೆ ಮೊದಲ ಅರಬ್ಬೀ ಸಮುದ್ರದ ಗಾಳಿ ಸತ್ತಿರತೈತಿ, ಮಧ್ಯಾಹ್ನ ಮ್ಯಾಲಿನ ಪದರು ಎರಡು-ಮೂರು ಡಿಗ್ರಿ ಏರೋದೂ ಉಂಟು. ಇಬ್ಬರೂ ಖರೇ ಹೇಳಾಕತ್ತಾರ, ಬ್ಯಾರೆ ಬ್ಯಾರೆ ನೀರಿಂದು. ಜೂನ್‌ನ್ಯಾಗ ಗಾಳಿ ಕಲಕಿ ಹಾಕತೈತಿ, ಎಲ್ಲಾ ಪದರು ಒಂದ ಆಗತಾವ. ಹಂಗಾಗಿ ಹೋಲಿಸಬೇಕಂದ್ರ ರಾತ್ರಿ ಪಾಸ್ ತಗೊಳ್ರಿ, ಇಲ್ಲಾ ಹಗಲಿಂದ ಬೇಕಂದ್ರ ಗಾಳಿ ಸೆಕೆಂಡಿಗೆ 6 ಮೀಟರ್ ದಾಟಿದ್ದು ಮಾತ್ರ, ಗಾಳಿ ಅದ ಫೈಲ್‌ನ್ಯಾಗ ಇರತೈತಿ. ಆ ಬೈನರಿ ಫೈಲ್‌ನ್ಯಾಗ ಹದಿನಾಲ್ಕು ಮ್ಯಾಪ್ ಇರ್ತಾವ, ಮೊದಲ ಏಳು ಹಗಲಿಂದು, ಕಡೀ ಏಳು ರಾತ್ರಿದು, ಇವ ಮೊದಲಿನ ಏಳು ಮಾತ್ರ ಓದಿ ಉಳಿದದ್ದು ಬಿಟ್ಟಿದ್ದ.

ರಾತ್ರಿಗೆ ಬದಲಾಯಿಸಿದ್ರೂ ಒಂದು ದಿನದ ಹಿಂದ ಮುಂದ ಉಳೀತು. ಫೈಲಿನ ಟೈಮ್ ಯುಟಿಸಿ ಲೆಕ್ಕ, ಅಂದ್ರ ಇಡೀ ಜಗತ್ತಿಗೆ ಒಂದ ಇರೋ ಗ್ರೀನಿಚ್ ಹೊತ್ತು. ಅರಬ್ಬೀ ಸಮುದ್ರದ ರಾತ್ರಿ ಒಂದೂವರಿ ಅಂದ್ರ ಯುಟಿಸಿದಾಗ ಹಿಂದಿನ ದಿನದ ರಾತ್ರಿ ಎಂಟೂವರಿ ಒಂಬತ್ತು, ನಮ್ಮ 15ನೇ ತಾರೀಖಿನ ರಾತ್ರಿ ಅಲ್ಲಿ 14ನೇ ತಾರೀಖಿನ ಫೈಲ್‌ನ್ಯಾಗ ಕುಂತಿರತೈತಿ. ಸಾಮಾನ್ಯ ದಿನಕ್ಕ ಇದರಿಂದ ಏನೂ ಆಗೂದಿಲ್ಲ, ಚಂಡಮಾರುತದ ವಾರದಾಗ ಮಾತ್ರ ಎಲ್ಲಾ ಉಲ್ಟಾ ಆಗತೈತಿ.

ಸೆನ್ಸರ್ ಮ್ಯಾಲ ಅನುಮಾನ ಪಡೋದು ಎಲ್ಲಕ್ಕಿಂತ ಕಡೀಕ. ಇಲ್ಲ ಅಂತಲ್ಲ, ಹಿಂದಿನ ಎಎಂಎಸ್‌ಆರ್-ಇ ಸೆನ್ಸರಿನ ಬಿಸಿ ಡಬ್ಬಿ ಎಲ್ಲಾ ಕಡೆ ಒಂದ ಸಮ ಬಿಸಿ ಇರತಿರಲಿಲ್ಲ, ತಕ್ಕಡಿ ಕಲ್ಲ ಸರಿ ಇಲ್ಲದಂಗ, ಅದನ್ನ ಲೆಕ್ಕದಾಗ ತಿದ್ದಿ ತಿದ್ದಿ ಡೇಟಾ ಕೊಟ್ಟಾರ, ಎಎಂಎಸ್‌ಆರ್2ದಾಗ ಅದನ್ನ ಸುಧಾರಿಸ್ಯಾರ. ಆ ಎಎಂಎಸ್‌ಆರ್-ಇ 2002ರಿಂದ ನಡದು 2011ರ ಅಕ್ಟೋಬರ್ 4ಕ್ಕ ಡಿಶ್ ತಿರುಗೋದು ನಿಂತು ಹೋತು, ಎಎಂಎಸ್‌ಆರ್2 ಡೇಟಾ 2012ರ ಜುಲೈಯಿಂದ. ಉದ್ದನ ಗ್ರಾಫ್ ಹಾಕಿದವರಿಗೆ ನಡುವಿನ ಒಂಬತ್ತು ತಿಂಗಳು ತೂತು ಬಿದ್ದಿದ್ರ, ಇಲ್ಲಾ ಅಲ್ಲೊಂದು ಮೆಟ್ಟಿಲು ಕಂಡ್ರ, ಅದು ಹವಾಮಾನ ಬದಲಾವಣಿ ಅಲ್ಲ, ಡಿಶ್ ಬದಲಾವಣಿ.

ಅಳಿಸಿ ಹಾಕಿದ ನೀಲಿ ಪಟ್ಟಿ

ಇಷ್ಟೆಲ್ಲಾ ಕಲತ ಮ್ಯಾಲ ಹುಡುಗ ಜಾಣ ಆದ, ಜಾಣ ಆಗಿದ್ದ ತೊಂದ್ರಿ ಆತು. ಯಾವುದೇ ಚೌಕ ಹಿಂದಿನ ವಾರದ ಸರಾಸರಿಗಿಂತ ಎರಡು ಡಿಗ್ರಿ ಹೆಚ್ಚುಕಡಿಮಿ ಬಂದ್ರ ತಾನ ಅಳಿಸೋಹಂಗ ಕೋಡ್ ಬರದ. ಗ್ರಾಫ್ ಎಷ್ಟು ನುಣ್ಣಗ ಬಂತಂದ್ರ ಗೈಡ್ ಕೂಡ ಭೇಷ್ ಅಂದ್ರಂತ. ನನಗ ತೋರಿಸಿದಾಗ ಮೇ ತಿಂಗಳ ನಡುವ ಅಳಿಸಿದ ಚೌಕದ ಸಂಖ್ಯಾ ಒಮ್ಮೆಲೆ ಗುಡ್ಡದಂಗ ಏರಿತ್ತು. "ಇಲ್ಲಿ ಏನೋ ಕೆಟ್ಟಿತ್ತು ಮಾಮಾ, ಎಲ್ಲಾ ತಗದು ಹಾಕೀನಿ" ಅಂದ. ತಗದು ಹಾಕಿದ್ದನ್ನ ಮ್ಯಾಪ್ ಮ್ಯಾಲ ಹಾಕು ಅಂದೆ.

ಹಾಕಿದ. ಕರ್ನಾಟಕ-ಗೋವಾ ಆಚೆ ದಂಡಿಯಿಂದ ದೂರಕ್ಕ, ದಕ್ಷಿಣದಿಂದ ಉತ್ತರಕ್ಕ ಗುಜರಾತ್ ಕಡೆ ಒಂದು ನೀಲಿ ಪಟ್ಟಿ, ಸುತ್ತಲಿನ ನೀರಿಗಿಂತ ಎರಡು-ಮೂರು ಡಿಗ್ರಿ ತಂಪು. ಒಂದೊಂದಾಗಿ ಕೇಳಿಕೋತ ಹೋದ್ವಿ. ನೆಲದ ಅಂಚೇನು? ಅಲ್ಲ, ನೆಲ ಬಿಸಿ ತೋರಸ್ತೈತಿ, ಇದು ತಂಪು, ದಂಡಿಗುಂಟನೂ ಇಲ್ಲ. ಗದ್ದಲ ಏನು? ಗದ್ದಲಾನೂ ಬಿಸಿನ ತೋರಸ್ತೈತಿ. ಪಟ್ಟಿ ಅಂಚೇನು? ಅಲ್ಲ, ಪಾಸಿನ ಪಟ್ಟಿ ದಿನಾ ಸರೀತೈತಿ, ಇದು ಅಲ್ಲೇ ಕುಂತೈತಿ. ಹಗಲ ಪಾಸಿನ್ಯಾಗೂ ಐತಿ, ರಾತ್ರಿದ್ರಾಗೂ ಐತಿ. ಮಳಿ ಅಂಚೇನು? ಮೊದಲ ಎರಡು ದಿನ ಇರಬಹುದು, ಆದ್ರ ಮೋಡ ಹರಿದು ಮಳಿ ನಿಂತ ಮ್ಯಾಲೂ ವಾರಗಟ್ಟಲೆ ಉಳೀತು, ಅಂಚು ಮೆಲ್ಲಕ ಮಾಸಿಕೋತ ಬಂತು. ಜಿಎಂಐ ಬ್ಯಾರೆ ಸ್ಯಾಟಲೈಟು, ಬ್ಯಾರೆ ಹೊತ್ತಿಗೆ ಹಾಯತೈತಿ, ಅದರಾಗೂ ಐತಿ.

ಆಮ್ಯಾಲ ಅವ ಫೋನ್ ತಗದು ತಾರೀಖು ಹುಡುಕಿದ. ತೌಕ್ತೆ ಚಂಡಮಾರುತ, ಮೇ 14ಕ್ಕ ಲಕ್ಷದ್ವೀಪದ ಕಡೆ ಎದ್ದು ನಮ್ಮ ಕರಾವಳಿಗುಂಟ ಮ್ಯಾಲ ಹೋಗಿ 17ರ ರಾತ್ರಿ ಗುಜರಾತಿಗೆ ಹೊಡೀತು. ಗಾಳಿ ಸಮುದ್ರನ ಹುಗ್ಗಿ ತಿರುವಿದಂಗ ತಿರುವಿ ಕೆಳಗಿನ ತಂಪು ನೀರು ಮ್ಯಾಲ ತಂದು ಹಾಕಿತ್ತು, ಚಂಡಮಾರುತ ನಡದು ಹೋದ ಹೆಜ್ಜಿ ಗುರುತು ಅದು. ಇಡೀ ಪ್ರಾಜೆಕ್ಟಿನ್ಯಾಗ ಸಮುದ್ರ ಒಂದ ಸಲ ಬಾಯಿ ತಗದು ಮಾತಾಡಿದ್ದನ್ನ ಇವ ಕೆಟ್ಟ ಡೇಟಾ ಅಂತ ಕಸದ ಬುಟ್ಟಿಗೆ ಹಾಕಿದ್ದ. ಈಗ ಎರಡು ಡಿಗ್ರಿ ನೋಡಿ ಅಳಿಸೋ ಆ ಫಿಲ್ಟರ್ ಸಾಲು ಓಡದಂಗ ಮುಂದ ಹ್ಯಾಶ್ ಹಾಕಿ ಸುಮ್ನ ಇಟ್ಟಾನ, ಅಳಿಸಿಲ್ಲ, ಪಕ್ಕದಾಗ "ಮಾಮಾಗ ಕೇಳಿ ಹಾಕೋದು" ಅಂತ ಬರಕೊಂಡಾನ.